ಕಂಪನಿ ಪಾರ್ಟು, ಲೋಕಲ್ ಪಾರ್ಟು: ಮಧುಗಿರಿ ಸೀಮೆಯ ರಿಪೇರಿ ಚರಿತ್ರೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಉಪವಿಭಾಗ. ಮಳೆ ಕಡಿಮೆ, ಕಲ್ಲುಗುಡ್ಡಗಳು ಹೆಚ್ಚು. ಬಹುಕಾಲ ನಾಲೆ ನೀರು ಕಾಣದ ಈ ಸೀಮೆಯ ಬೇಸಾಯ ನಿಂತದ್ದು ಕೆರೆ, ಬಾವಿ, ಆಮೇಲೆ ಕೊಳವೆಬಾವಿಗಳ ಮೇಲೆ. ಹಾಗಾಗಿ ಇಲ್ಲಿ ರಿಪೇರಿ ಎಂದರೆ ಮೊದಲಿಗೆ ನೀರೆತ್ತುವ ಸಾಧನದ ರಿಪೇರಿ. ಅಂಗಡಿಯವನು ಕೊಟ್ಟ ಬಿಡಿಭಾಗ ಕಂಪನಿಯದೋ, ಲೋಕಲ್ಲೋ, ಕಂಪನಿಯ ಹೆಸರು ಹೊತ್ತ ಡೂಪ್ಲಿಕೇಟೋ ಎಂದು ಗುರುತು ಹಿಡಿಯುವ ವಿದ್ಯೆ ಬೆಳೆದದ್ದು ಹೆಚ್ಚಾಗಿ ಅದರ ಸುತ್ತಲೇ. ನೀರು ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ಅಸಲಿ ಭಾಗಕ್ಕೆ ರೈತ ಎಷ್ಟು ಬೆಲೆ ತೆರಲು ಸಿದ್ಧ ಎಂಬುದೂ ತೀರ್ಮಾನವಾಗುತ್ತ ಬಂದಿದೆ.

ಯಂತ್ರಕ್ಕೆ ಮುಂಚೆ ಈ ಪ್ರಶ್ನೆಯೇ ಇರಲಿಲ್ಲ. ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ತಲಪರಿಗೆಗಳಿದ್ದವು. ಕೆರೆಯ ಅಂಗಳದಲ್ಲಿ, ಹಳ್ಳದ ಮರಳಿನಲ್ಲಿ ತಾನಾಗಿ ಉಕ್ಕುವ ಒರತೆಯನ್ನು ಕಾಲುವೆ ತೋಡಿ ಹೊಲಕ್ಕೆ ಹರಿಸುವ ಪದ್ಧತಿ ಅದು. ಅದಕ್ಕೆ ಬೇಕಾದದ್ದು ಗುದ್ದಲಿ ಮತ್ತು ಊರಿನವರ ಮೈಮುರಿ ದುಡಿಮೆ, ಅಷ್ಟೇ. ತೆರೆದ ಬಾವಿಗಳಲ್ಲಿ ಏತ, ಕಪಿಲೆ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ತೊಗಲಿನ ಬಾನಿಯನ್ನು ಎಳೆಯುತ್ತಿದ್ದ ಕಪಿಲೆಯಲ್ಲಿ ಬಾನಿ ಹೊಲಿಯುವವರು ಊರಿನ ಚರ್ಮಗಾರರು, ರಾಟೆ ಕಡೆಯುವವರು ಬಡಗಿಗಳು, ಅಚ್ಚು ಮತ್ತು ಕೊಂಡಿ ಬಡಿಯುವವರು ಕಮ್ಮಾರರು. ಸುಗ್ಗಿಯಲ್ಲಿ ಕಣದಿಂದ ಆಯ ಅಳೆದುಕೊಳ್ಳುತ್ತಿದ್ದ ಇವರೇ ಮೊದಲ ಬಾರಿ ಮಾಡಿದವರು, ಕೆಟ್ಟಾಗ ಬದಲಿಸಿದವರು. ಬಾನಿ ಆರು ತಿಂಗಳಿಗೇ ಹರಿದರೆ ಬೈಸಿಕೊಳ್ಳಬೇಕಾದ ಮುಖ ಮುಂದಿನ ಬೀದಿಯಲ್ಲೇ ಸಿಗುತ್ತಿತ್ತು.

ಕಬ್ಬಿಣವೂ ಹೊರಗಿನದಾಗಿರಲಿಲ್ಲ. 1800ರಲ್ಲಿ ಈ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಮತ್ತು ಚನ್ನರಾಯನದುರ್ಗದ ಸೀಮೆಯಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮಳೆಗಾಲದಲ್ಲಿ ಬಂಡೆಗಳಿಂದ ಹರಿದು ಬರುವ ಸಣ್ಣ ತೊರೆಗಳು ಹೊತ್ತು ತರುತ್ತಿದ್ದ ಕಪ್ಪು ಮರಳೇ ಅದಿರು; ಗುಡ್ಡದ ಕಾಡಿನ ಇದ್ದಿಲೇ ಉರುವಲು. ಇಲ್ಲಿನ ಉಕ್ಕಿನಲ್ಲಿ ಕಲ್ಲುಕುಟಿಗರ ಉಳಿಗಳು ತಯಾರಾಗುತ್ತಿದ್ದವು. ಹತ್ತೊಂಬತ್ತನೇ ಶತಮಾನದುದ್ದಕ್ಕೂ ಅಗ್ಗವಾಗಿ ಬಂದಿಳಿದ ವಿಲಾಯಿತಿ ಕಬ್ಬಿಣ ಆ ಕುಲುಮೆಗಳನ್ನು ಒಂದೊಂದಾಗಿ ಆರಿಸಿತು. ಕಮ್ಮಾರ ಉಳಿದ, ಆದರೆ ಅವನ ಕೈಯ ಲೋಹ ಎಲ್ಲಿಯದು ಎಂದು ಅವನಿಗೇ ಗೊತ್ತಿಲ್ಲದ ಕಾಲ ಬಂತು. ಬಿಡಿಭಾಗದ ಹುಟ್ಟಿನ ಬಗ್ಗೆ ಮೊದಲ ಅನುಮಾನಕ್ಕೆ ಎಡೆಯಾದದ್ದು ಅಲ್ಲಿ ಎನ್ನಬಹುದು.

ನೀರೆತ್ತುವ ಯಂತ್ರವಾಗಿ ಮೊದಲು ಬಂದದ್ದು ಆಯಿಲ್ ಎಂಜಿನ್. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿಯ ನಿಧಾನಗತಿಯ ಡೀಸೆಲ್ ಎಂಜಿನ್, ಪೆಟರ್, ರಸ್ಟನ್ ಇವು ಆ ಕಾಲದ ದೊಡ್ಡ ಹೆಸರುಗಳು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಾಗಿ ಆರಂಭವಾದ ಕಿರ್ಲೋಸ್ಕರ್ ಉದ್ಯಮ ಕಬ್ಬಿಣದ ನೇಗಿಲಿನಿಂದ ಪಂಪಿಗೆ ಬಂದು, 1946ರಲ್ಲಿ ಪುಣೆಯಲ್ಲಿ ಎಂಜಿನ್ ಕಂಪನಿಯನ್ನೂ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಂಪನಿಯನ್ನೂ ತೆರೆಯಿತು. ಸ್ವಾತಂತ್ರ್ಯದ ನಂತರದ ಎರಡು ಮೂರು ದಶಕಗಳಲ್ಲಿ ಕಪಿಲೆಯ ಇಳಿಜಾರಿನ ಪಕ್ಕದಲ್ಲೇ ಎಂಜಿನ್ ಕೂರಿಸುವ ಗುಂಡಿ, ಅದರ ಮೇಲೊಂದು ತಗಡಿನ ಮಾಡು ಎದ್ದವು.

ಎಂಜಿನ್ ಕೆಟ್ಟಾಗ ಊರಿನ ಕಮ್ಮಾರನ ಕೈಯಲ್ಲಿ ಆಗುವಂಥದು ಕಡಿಮೆ. ಪಿಸ್ಟನ್, ರಿಂಗು, ಲೈನರ್, ವಾಲ್ವು, ನಾಜಲ್, ಡೀಸೆಲ್ ಪಂಪಿನ ಎಲಿಮೆಂಟು ಎಲ್ಲವೂ ದೂರದ ಕಾರ್ಖಾನೆಯಿಂದ ಡಬ್ಬಿಯಲ್ಲಿ ಬರಬೇಕು. ಅಷ್ಟರಲ್ಲಿ ಗುಜರಾತಿನ ರಾಜಕೋಟೆಯ ಸಣ್ಣ ಫೌಂಡ್ರಿಗಳು ಲಿಸ್ಟರ್ ಮಾದರಿಯನ್ನೇ ಇಟ್ಟುಕೊಂಡು ಎಂಜಿನ್ ಎರಕ ಹೊಯ್ಯಲು ಶುರುಮಾಡಿದ್ದವು. ಲಿಸ್ಟರ್‌ನ ಮೂಲ ವಿನ್ಯಾಸ ದಶಕಗಳ ಕಾಲ ಹೆಚ್ಚು ಬದಲಾಗಲಿಲ್ಲ. ಆದ್ದರಿಂದ ರಾಜಕೋಟೆಯ ಲೈನರ್ ಇಂಗ್ಲಿಷ್ ಬ್ಲಾಕಿಗೂ ಸುಮಾರಾಗಿ ಕೂರುತ್ತಿತ್ತು. ಕೂರದಿದ್ದರೆ ಲೇತಿನವನು ಕೂರಿಸುತ್ತಿದ್ದ. ಮಧುಗಿರಿ, ಶಿರಾ ಪೇಟೆಗಳ ಲೇತ್ ಅಂಗಡಿಗಳ ಅರ್ಧ ಕೆಲಸ ಹೀಗೆ ಹೊಂದದ ಭಾಗವನ್ನು ಹೊಂದಿಸುವುದೇ ಆಗಿತ್ತು. ಇದನ್ನು ಮೋಸ ಎಂದು ಯಾರೂ ಎಣಿಸಲಿಲ್ಲ. ಎಣಿಸುವ ಕಾರಣವೂ ಇರಲಿಲ್ಲ. ರಾಜಕೋಟೆಯ ಭಾಗ ರಾಜಕೋಟೆಯದೆಂದೇ ಮಾರಾಟವಾಗುತ್ತಿತ್ತು, ಬೆಲೆಯೂ ಅದಕ್ಕೆ ತಕ್ಕಂತಿತ್ತು. ಅಗ್ಗದ ರಿಂಗು ಬೇಗ ಸವೆದರೆ ಎಂಜಿನ್ ಬಾವಿಯ ದಡದಲ್ಲೇ ಇದೆ, ಬಿಚ್ಚಿ ಇನ್ನೊಂದು ಹಾಕಿದರಾಯಿತು.

ಹಾಗೆ ಹೊಂದಿಸಿಕೊಳ್ಳಲು ಬಗ್ಗದ ಭಾಗಗಳು ಎರಡು: ನಾಜಲ್ ಮತ್ತು ಎಲಿಮೆಂಟು. ಇವುಗಳ ಒಳಗಿನ ಸೂಜಿ ಮತ್ತು ಕೊಳವೆಯ ನಡುವಿನ ಸಂದು ಕೆಲವೇ ಮೈಕ್ರಾನ್. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, ಜರ್ಮನಿಯ ಬಾಷ್ ಸಹಯೋಗದಲ್ಲಿ ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಇಂಜೆಕ್ಷನ್ ಭಾಗಗಳನ್ನು ತಯಾರಿಸಿದ ಮೈಕೋ ಕಂಪನಿ ಈ ಕ್ಷೇತ್ರದಲ್ಲಿ ಎದುರಿಲ್ಲದ ಹೆಸರಾಯಿತು. ರೈತರ ಬಾಯಲ್ಲಿ ನಾಜಲ್ ಎಂದರೆ ಮೈಕೋ ನಾಜಲ್ಲೇ. ಹೆಸರಿಗೆ ಬೆಲೆ ಬಂದ ಮೇಲೆ ಆ ಹೆಸರಿನ ಡಬ್ಬಿಗೂ ಬೆಲೆ ಬಂತು. ಖಾಲಿ ಡಬ್ಬಿಗಳು ಗುಜರಿಯಿಂದ ಮತ್ತೆ ಪೇಟೆಗೆ ಮರಳಿದವು; ಆಮೇಲೆ ಡಬ್ಬಿಯನ್ನೂ ಅಚ್ಚು ಹಾಕುವವರು ಹುಟ್ಟಿಕೊಂಡರು. ಲೋಕಲ್ ಮತ್ತು ಡೂಪ್ಲಿಕೇಟ್ ಎರಡೂ ಬೇರೆಬೇರೆ ಸರಕುಗಳಾಗಿ ಕವಲೊಡೆದದ್ದು ಇಲ್ಲಿಂದ. ಲೋಕಲ್ ತನ್ನ ಹೆಸರಿನಲ್ಲೇ ಬರುತ್ತದೆ, ಡೂಪ್ಲಿಕೇಟ್ ಇನ್ನೊಬ್ಬರ ಹೆಸರು ಹೊತ್ತು ಬರುತ್ತದೆ.

ಡಬ್ಬಿಯನ್ನು ನಂಬದ ಡೀಸೆಲ್ ಮೆಕ್ಯಾನಿಕ್ ಭಾಗವನ್ನೇ ಮಾತಾಡಿಸುತ್ತಾನೆ. ಹೊಸ ನಾಜಲ್‌ನ ಸೂಜಿಯನ್ನು ಶುದ್ಧ ಡೀಸೆಲ್‌ನಲ್ಲಿ ಅದ್ದಿ, ಮೂರನೇ ಒಂದು ಪಾಲು ಹೊರಗೆಳೆದು, ನಾಜಲ್ಲನ್ನು ಓರೆಯಾಗಿ ಹಿಡಿದು ಬೆರಳು ಬಿಡಬೇಕು. ಅಸಲಿಯ ಸೂಜಿ ತನ್ನ ಭಾರಕ್ಕೆ ತಾನೇ ನಯವಾಗಿ, ಎಲ್ಲೂ ತಡೆಯದೆ ಕೆಳಗಿಳಿದು ಕೂರುತ್ತದೆ. ದಡಕ್ಕನೆ ಬಿದ್ದರೆ ಸಂದು ಹೆಚ್ಚು. ನಡುವೆ ಸಿಕ್ಕಿಕೊಂಡರೆ ಅರೆಪು ಸರಿಯಿಲ್ಲ. ಎಲಿಮೆಂಟಿಗೆ ಇನ್ನೊಂದು ಪರೀಕ್ಷೆ: ಮೇಲಿನ ತೂತನ್ನೂ ಪಕ್ಕದ ಕಿಂಡಿಗಳನ್ನೂ ಬೆರಳಿನಿಂದ ಒತ್ತಿ ಮುಚ್ಚಿ ಪ್ಲಂಜರನ್ನು ತುಸು ಎಳೆದು ಬಿಟ್ಟರೆ ಅದು ಒಳಗಿನ ನಿರ್ವಾತಕ್ಕೆ ಸಿಕ್ಕಿ ಚಟ್ಟನೆ ಹಿಂದಕ್ಕೆ ಹೋಗಬೇಕು. ಕಡೆಯದಾಗಿ ಕೈಪಂಪಿನ ಟೆಸ್ಟರಿಗೆ ಕಟ್ಟಿ ಒತ್ತಿದಾಗ ಡೀಸೆಲ್ ಮಂಜಾಗಿ ಹಾರಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಯಾವ ಮುದ್ರೆಗಿಂತಲೂ ಈ ಮೂರು ಪರೀಕ್ಷೆಗಳು ಹೆಚ್ಚು ನಂಬಿಕೆಗೆ ಅರ್ಹ.

ವಿದ್ಯುತ್ತು ಮೈಸೂರು ಸಂಸ್ಥಾನಕ್ಕೆ ಶಿವನಸಮುದ್ರದಿಂದ 1902ರಲ್ಲೇ ಬಂದಿದ್ದರೂ ಅದು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಹಳ್ಳಿಯ ಬಾವಿಗಳಿಗೆ ತಂತಿ ಎಳೆಯುವ ಕೆಲಸ ವ್ಯಾಪಕವಾದದ್ದು 1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾದ ನಂತರ, ಅದರಲ್ಲೂ 1960ರ ದಶಕದಲ್ಲಿ ಶರಾವತಿ ಯೋಜನೆ ಚಾಲೂ ಆದ ಮೇಲೆ. ಎಂಜಿನ್ ಗುಂಡಿಗಳಲ್ಲಿ ಮೋಟಾರುಗಳು ಕುಳಿತವು: ಕಿರ್ಲೋಸ್ಕರ್, ಜರ್ಮನಿಯ ಎಇಜಿ ಸಹಯೋಗದ ಬೆಂಗಳೂರಿನ ಎನ್‌ಜಿಇಎಫ್, ಬರೋಡದ ಜ್ಯೋತಿ, ಹಿಂದೆಯೇ ಕೊಯಮತ್ತೂರಿನ ಹಲವು ಹೆಸರುಗಳು. ಜೊತೆಗೆ ಹೊಸದೊಂದು ಕಸುಬು ಬಂತು. ಮೋಟಾರ್ ರಿವೈಂಡಿಂಗ್.

ತಂತಿಯ ತುದಿಯ ಹಳ್ಳಿಗಳಿಗೆ ಮುಟ್ಟುತ್ತಿದ್ದ ವೋಲ್ಟೇಜು ಕಡಿಮೆ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರು ಗುನುಗುತ್ತ ಕಾದು ಸುಡುತ್ತಿತ್ತು. ಸುಟ್ಟ ಮೋಟಾರನ್ನು ಕಾರ್ಖಾನೆಗೆ ಕಳಿಸಿ ಕಾಯುವಷ್ಟರಲ್ಲಿ ಬೆಳೆ ಒಣಗುತ್ತದೆ. ಹೀಗಾಗಿ ತಾಲ್ಲೂಕು ಕೇಂದ್ರಗಳಲ್ಲಿ, ದೊಡ್ಡ ಹೋಬಳಿಗಳಲ್ಲಿ ರಿವೈಂಡಿಂಗ್ ಅಂಗಡಿಗಳು ಎದ್ದವು. ಮೋಟಾರಿನ ಹೃದಯವಾದ ಸುರುಳಿ ಕಂಪನಿಯಲ್ಲಿ ಒಮ್ಮೆ, ಆಮೇಲೆ ಜೀವಮಾನವೆಲ್ಲ ಸ್ಥಳೀಯ ಅಂಗಡಿಯಲ್ಲಿ. ಮೂರು ಸಲ ಸುತ್ತಿಸಿಕೊಂಡು, ಬೇರಿಂಗು ಬದಲಿಸಿಕೊಂಡು, ಫ್ಯಾನು ಮುರಿದದ್ದಕ್ಕೆ ಬೇರೆ ಹಾಕಿಸಿಕೊಂಡ ಮೋಟಾರಿನಲ್ಲಿ ಕಂಪನಿಯದೆಂದು ಉಳಿಯುವುದು ಹೊರಗಿನ ಎರಕ ಮತ್ತು ಹಿತ್ತಾಳೆಯ ನಾಮಫಲಕ. ಆ ನಾಮಫಲಕವೂ ಯಾವಾಗಲೂ ನಿಜ ಹೇಳುತ್ತಿರಲಿಲ್ಲ. ಮಂಜೂರಾದ ಅಶ್ವಶಕ್ತಿಗಿಂತ ಹೆಚ್ಚಿನ ಎಳೆತಕ್ಕೆ ಸುರುಳಿ ಸುತ್ತಿಸಿ, ಫಲಕದಲ್ಲಿ ಹಳೆಯ ಅಂಕಿಯನ್ನೇ ಉಳಿಸಿಕೊಳ್ಳುವ ರೂಢಿ ರಾಜ್ಯದ ಪಂಪ್‌ಸೆಟ್ಟುಗಳಲ್ಲಿ ಹೊಸದೇನಲ್ಲ.

ರಿವೈಂಡಿಂಗ್‌ನಲ್ಲಿ ಮೋಸಕ್ಕೆ ದೊಡ್ಡ ಜಾಗ ತಾಮ್ರದ ತಂತಿ. ತಾಮ್ರದ ಬದಲು ಅಲ್ಯುಮಿನಿಯಂ ಸುತ್ತಿದರೆ ಅದೇ ದಪ್ಪದ ತಂತಿಗೆ ವಿದ್ಯುತ್ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಮೋಟಾರು ಓಡುತ್ತದೆ, ಆದರೆ ಕಾದು ಕಾದು ಬೇಗ ಸಾಯುತ್ತದೆ. ಮೇಲಿನ ಎನಾಮೆಲ್ ಬಣ್ಣ ಎರಡಕ್ಕೂ ಒಂದೇ ಆಗಬಹುದು. ಬ್ಲೇಡಿನಿಂದ ಕೆರೆದರೆ ಕೆಂಪೋ ಬಿಳಿಯೋ ಗೊತ್ತಾಗುತ್ತದೆ ಎಂಬ ಹಳೆಯ ಪರೀಕ್ಷೆಯನ್ನು ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿ ಸೋಲಿಸಿತು. ಅದಕ್ಕೆ ಕೆರೆಯುವುದಲ್ಲ, ಕತ್ತರಿಸಬೇಕು. ಕತ್ತರಿಸಿದ ಮುಖದ ನಡುವೆ ಬೆಳ್ಳಗಿನ ತಿರುಳು ಕಾಣುತ್ತದೆ. ಅದಕ್ಕೂ ಸುಲಭ ತಕ್ಕಡಿ. ತಾಮ್ರದ ಸಾಂದ್ರತೆ ಅಲ್ಯುಮಿನಿಯಂನ ಮೂರು ಪಟ್ಟಿಗೂ ಹೆಚ್ಚು. ಸುಟ್ಟ ಸುರುಳಿಯನ್ನು ಬಿಚ್ಚಿದಾಗ ತೂಗಿಟ್ಟು, ಹೊಸ ಸುರುಳಿಗೆ ಹೋದ ತಂತಿಯನ್ನೂ ತೂಗಿಸುವ, ಹಳೆಯ ತಾಮ್ರವನ್ನು ಕೇಳಿ ಪಡೆಯುವ ಗಿರಾಕಿಯ ಅಭ್ಯಾಸ ಹುಟ್ಟಿದ್ದು ಈ ಕಾರಣಕ್ಕೆ. ತಂತಿ ಅಸಲಿಯಾದರೂ ಕೆಲಸ ಕೆಡಬಹುದು. ಸುಟ್ಟ ಸುರುಳಿಯನ್ನು ಸಡಿಲಿಸಲು ಮೋಟಾರಿನ ತಿರುಳನ್ನು ಬೆಂಕಿಯಲ್ಲಿ ವಿಪರೀತ ಕಾಯಿಸಿದರೆ ಉಕ್ಕಿನ ಹಾಳೆಗಳ ನಡುವಿನ ನಿರೋಧಕ ಲೇಪ ಹೋಗಿ, ಮುಂದೆ ಎಷ್ಟೇ ಒಳ್ಳೆಯ ತಂತಿ ಸುತ್ತಿದರೂ ಮೋಟಾರು ಹೆಚ್ಚು ಕರೆಂಟು ತಿನ್ನುತ್ತದೆ. ಕರೆಂಟಿಗೆ ರೈತ ದುಡ್ಡು ಕೊಡಬೇಕಿಲ್ಲದ ಕಾಲದಲ್ಲಿ ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

1980ರ ದಶಕದಿಂದ ತೆರೆದ ಬಾವಿಗಳು ಬತ್ತುತ್ತ ಹೋಗಿ, ಕೊಳವೆಬಾವಿಗಳು ಹೆಚ್ಚಿದವು. ತಲಪರಿಗೆಗಳಲ್ಲಿ ಬಹುಪಾಲು ಒಣಗಿದ್ದೂ ಇದೇ ಅವಧಿಯಲ್ಲಿ. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿಗಳು ಹಗಲಿರುಳು ಕೊರೆದವು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರು ಐನೂರಕ್ಕೆ, ಮುಂದೆ ಸಾವಿರ ಅಡಿ ದಾಟಿ ಇಳಿಯಿತು. ಮೋಟಾರು ಪಂಪು ಎರಡೂ ನೀರಿನೊಳಗೇ ಇಳಿದು ಕೆಲಸ ಮಾಡುವ ಸಬ್‌ಮರ್ಸಿಬಲ್ ಬಂತು. ಬಿಡಿಭಾಗದ ಲೆಕ್ಕಾಚಾರ ತಲೆಕೆಳಗಾದದ್ದು ಆಗ. ದಡದ ಮೇಲಿನ ಎಂಜಿನ್ನಿನಲ್ಲಿ ಅಗ್ಗದ ಬುಷ್ ಕೈಕೊಟ್ಟರೆ ಹೋಗುವುದು ಒಂದು ಗಂಟೆ. ಸಾವಿರ ಅಡಿಯಲ್ಲಿ ಕೈಕೊಟ್ಟರೆ ಇಪ್ಪತ್ತು ಅಡಿಯ ಐವತ್ತು ಪೈಪುಗಳನ್ನು ಒಂದೊಂದಾಗಿ ಬಿಚ್ಚುತ್ತ ಮೇಲೆತ್ತಬೇಕು. ಎತ್ತುವ ಗಾಡಿ, ಆಳುಗಳ ಕೂಲಿ, ಮತ್ತೆ ಇಳಿಸುವ ಕೂಲಿ ಬೇರೆ. ಕೇಬಲ್ ಗೀರಿ ಹೋಗುವ, ಪೈಪು ಜಾರಿ ಬೋರಿನೊಳಗೇ ಉಳಿಯುವ ಅಪಾಯವೂ ಇದೆ. ಬುಷ್ಷಿನಲ್ಲಿ ಉಳಿಸಿದ ಹಣದ ಹಲವು ಪಟ್ಟು ಎತ್ತುವುದಕ್ಕೇ ಹೋಗುತ್ತದೆ. ಕಂಪನಿ ಪಾರ್ಟೇ ಹಾಕು ಎಂದು ರೈತ ತಾನಾಗಿ ಹೇಳಲು ಶುರುಮಾಡಿದ್ದು ಜಾಹೀರಾತಿನಿಂದಲ್ಲ, ಈ ಐವತ್ತು ಪೈಪುಗಳಿಂದ.

ಸಬ್‌ಮರ್ಸಿಬಲ್‌ನಲ್ಲಿ ಪದೇಪದೇ ಬದಲಾಗುವ ಭಾಗಗಳು ನಾಲ್ಕಾರು. ಇಡೀ ಪಂಪಿನ ಒತ್ತಡವನ್ನು ಹೊರುವ ತಳದ ಥ್ರಸ್ಟ್ ಬೇರಿಂಗ್ ಕಾರ್ಬನ್ನಿನದು. ಕಳಪೆ ಕಾರ್ಬನ್ನಿನ ಅಂಚು ಉಗುರಿಗೆ ಉದುರುತ್ತದೆ. ಬುಷ್ ಗನ್‌ಮೆಟಲ್ಲಿನದಾಗಿರಬೇಕು, ಅದರ ಹೊಸ ಕಡೆತ ಕೆಂಪು ಛಾಯೆಯದು, ಹಳದಿ ಹೊಳೆದರೆ ಹಿತ್ತಾಳೆ. ಇಂಪೆಲ್ಲರಿನ ಪ್ಲಾಸ್ಟಿಕ್ ಮರುಬಳಕೆಯದಾದರೆ ಮೈ ಮಂಕು, ಅಚ್ಚಿನ ಜೋಡಣೆಯ ಗೆರೆಯಲ್ಲಿ ತೆಳು ರೆಕ್ಕೆ ಉಳಿದಿರುತ್ತದೆ. ಸ್ಟೀಲಿಗೆ ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಮಾತ್ರ ದಾರಿ ತಪ್ಪಿಸುತ್ತದೆ. ಅಂಟದಿದ್ದರೆ ಅಸಲಿ ಸ್ಟೇನ್‌ಲೆಸ್ ಎಂಬ ನಂಬಿಕೆ ನಟ್ಟು ಬೋಲ್ಟುಗಳಿಗೆ ಸರಿ. ಆದರೆ ಪಂಪಿನ ಶಾಫ್ಟಿಗೆ ಕಂಪನಿಗಳೇ ಸಾಮಾನ್ಯವಾಗಿ ಬಳಸುವ 410 ದರ್ಜೆಯ ಸ್ಟೇನ್‌ಲೆಸ್ ಅಯಸ್ಕಾಂತಕ್ಕೆ ಅಂಟುವಂಥದೇ. ಈ ಪರೀಕ್ಷೆ ನಂಬಿ ಒಳ್ಳೆಯ ಶಾಫ್ಟನ್ನು ಹಿಂದಿರುಗಿಸುವುದು ಸುಲಭ. ಪಾವಗಡದ ಕಡೆಯ ಆಳದ ನೀರಿನಲ್ಲಿ ಫ್ಲೋರೈಡ್ ಅಂಶದ ಜೊತೆಗೆ ಗಡಸುತನವೂ ಇದೆ. ಇಂಪೆಲ್ಲರಿನ ಸಂದಿನಲ್ಲಿ ಬಿಳಿ ಉಪ್ಪು ಕಟ್ಟಿ, ಅಸಲಿ ಭಾಗವೂ ಅಲ್ಪಾಯುವಾಗುವುದುಂಟು. ಬೇಗ ಕೆಟ್ಟಿತು ಎಂದ ಮಾತ್ರಕ್ಕೆ ಡೂಪ್ಲಿಕೇಟ್ ಎನ್ನಲಾಗದು.

ಅಂಗಡಿಯ ಮುಂದೆ ನಡೆಯುವ ವ್ಯವಹಾರಕ್ಕೂ ಒಂದು ಕ್ರಮವಿದೆ. ಮೊದಲ ಮಾತು, ಹಳೇ ಪೀಸು ತಂದಿದೀರಾ. ಪಾರ್ಟ್ ನಂಬರ್ ಓದುವವರು ಕಡಿಮೆ. ಎಣ್ಣೆ ಮೆತ್ತಿದ ಹಳೆಯ ಭಾಗವನ್ನು ಪೇಪರಿನಲ್ಲಿ ಸುತ್ತಿ ತಂದು ಹೊಸದರ ಪಕ್ಕದಲ್ಲಿಟ್ಟು, ವರ್ನಿಯರ್ ಹಿಡಿದು, ಕೈಯಲ್ಲಿ ತೂಗಿ ನೋಡುವುದೇ ಪದ್ಧತಿ. ಎರಡನೇ ಮಾತು, ಕಂಪನಿದು ಕೊಡಲಾ, ಲೋಕಲ್ ಕೊಡಲಾ. ಎರಡರ ಬೆಲೆಯನ್ನೂ ಹೇಳುವ ಅಂಗಡಿಯವನು ಮೋಸಗಾರನಲ್ಲ, ಒಂದೇ ಬೆಲೆ ಹೇಳುವವನ ಹತ್ತಿರ ಎಚ್ಚರ ಬೇಕು. ಮಾಲು ಬರುವ ದಾರಿಗಳು ಬೇರೆಬೇರೆ: ತುಮಕೂರಿನ ಬಿ.ಎಚ್. ರಸ್ತೆ, ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಎಸ್.ಪಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟು. ಮೂರು ಕಡೆ ಆಂಧ್ರದಿಂದ ಸುತ್ತುವರಿದ ಪಾವಗಡದವರಿಗೆ ಹಿಂದೂಪುರ, ಅನಂತಪುರದ ಪೇಟೆಗಳೂ ಹತ್ತಿರ. ಅಲ್ಲಿನ ಚೌಕಾಸಿ ತೆಲುಗಿನಲ್ಲಿ.

ಶಿರಾದ ರಿಪೇರಿ ಚರಿತ್ರೆಯ ದಾರಿ ಸ್ವಲ್ಪ ಬೇರೆ. ಬೆಂಗಳೂರು–ಪುಣೆ ಹೆದ್ದಾರಿ, ಅಂದರೆ ಹಿಂದಿನ 4ನೇ ಮತ್ತು ಈಗಿನ 48ನೇ ರಾಷ್ಟ್ರೀಯ ಹೆದ್ದಾರಿ ಊರನ್ನು ಹಾದುಹೋಗುವುದರಿಂದ ಅಲ್ಲಿ ಲಾರಿಯದೇ ಕಾರುಬಾರು. 1954ರಿಂದ ಜಮ್ಶೆಡ್‌ಪುರದಲ್ಲಿ ತಯಾರಾದ ಟಾಟಾ ಮರ್ಸಿಡಿಸ್ ಲಾರಿಗಳ ಕಾಲದಿಂದ ಪಟ್ಟಾ, ಟೈರು, ಕ್ಲಚ್ಚು, ಬ್ರೇಕ್ ಲೈನರ್ ಕೆಲಸದವರು ರಸ್ತೆ ಬದಿಯಲ್ಲಿ ನೆಲೆ ನಿಂತರು. ಕಂಪನಿ ಪಾರ್ಟು ಎಂಬುದರ ಒಳಗುಟ್ಟು ಬಯಲಾಗುವುದು ಲಾರಿಯಲ್ಲೇ. ಲಾರಿ ಕಂಪನಿ ತನ್ನ ಲಾರಿಯ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ನಾಜಲ್ ಒಬ್ಬರದು, ಬೇರಿಂಗು ಇನ್ನೊಬ್ಬರದು, ಬ್ರೇಕು ಮತ್ತೊಬ್ಬರದು. ಒಂದೇ ಕಾರ್ಖಾನೆಯ ಒಂದೇ ಸಾಲಿನಿಂದ ಬಂದ ಬೇರಿಂಗು ಲಾರಿ ಕಂಪನಿಯ ಡಬ್ಬಿ ಸೇರಿದರೆ ಒಂದು ಬೆಲೆ, ತಯಾರಕನ ಸ್ವಂತ ಡಬ್ಬಿಯಲ್ಲಿದ್ದರೆ ಅದಕ್ಕಿಂತ ಕಡಿಮೆ ಬೆಲೆ. ಗುಣದಲ್ಲಿ ವ್ಯತ್ಯಾಸವಿಲ್ಲದಿರಬಹುದು. ಅನುಭವಿ ಮೆಕ್ಯಾನಿಕ್ ಹಳೆಯ ಭಾಗದ ಮೈಮೇಲೆ ಕೆತ್ತಿದ ತಯಾರಕನ ಗುರುತನ್ನು ಓದಿ ಆ ಎರಡನೆಯ ಡಬ್ಬಿಯನ್ನೇ ಕೇಳುತ್ತಾನೆ. ಅದರ ಕೆಳಗೆ ತನ್ನದೇ ಹೆಸರಿನ ಜೆನೆರಿಕ್ ಭಾಗ, ಎಲ್ಲಕ್ಕಿಂತ ಕೆಳಗೆ ಕದ್ದ ಹೆಸರಿನ ನಕಲಿ. ಮೂರನೆಯದು ಸೀಟಿನ ಕವರಿಗೆ, ಕನ್ನಡಿಗೆ ಆದೀತು. ಬ್ರೇಕಿಗೆ, ಸ್ಟಿಯರಿಂಗಿಗೆ ಆಗದು. ನಾಲ್ಕನೆಯದು ಯಾವುದಕ್ಕೂ ಆಗದು.

ಕಾರ್ಖಾನೆಯೇ ಮುಚ್ಚಿಹೋದರೆ ಅಸಲಿ ಎಂದರೇನು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. 2000ದ ದಶಕದ ಆರಂಭದಲ್ಲಿ ಎನ್‌ಜಿಇಎಫ್ ನಿಂತಿತು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ಮತ್ತು ಟ್ರ್ಯಾಕ್ಟರ್ ಎರಡೂ ವಿಭಾಗಗಳನ್ನು ಮುಚ್ಚುವ ತೀರ್ಮಾನವಾಯಿತು. ಈ ಕೊನೆಯದು ಈ ಸೀಮೆಗೆ ತೀರ ಹತ್ತಿರದ್ದು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರಕ್ಕೆ 1978ರಲ್ಲಿ ತುಮಕೂರಿನಲ್ಲೂ ಒಂದು ಕಾರ್ಖಾನೆ ಬಂದಿತ್ತು. ಆ ಜಾಗ ಈಗ ಇಸ್ರೋ ಪಾಲಾಗಿದೆ. ತಾಲ್ಲೂಕು ಪೇಟೆಗಳ ವಾಚ್ ರಿಪೇರಿಯವರ ಗಾಜಿನ ಪೆಟ್ಟಿಗೆಗಳಲ್ಲಿ ಉಳಿದಿರುವ ಬ್ಯಾಲೆನ್ಸ್, ಸ್ಪ್ರಿಂಗು, ಕಿರೀಟಗಳು ಬಹುಪಾಲು ಸತ್ತ ಗಡಿಯಾರಗಳಿಂದ ಬಿಚ್ಚಿಟ್ಟವು. ಹಳೆಯ ಜನತಾ, ಪೈಲಟ್ ಮಾದರಿಗಳಿಗೆ ಸಂಗ್ರಾಹಕರ ಬೇಡಿಕೆ ಬಂದ ಮೇಲೆ ಹೊಸದಾಗಿ ಅಚ್ಚಾದ ಡಯಲ್ ಹಾಕಿದ ಗಡಿಯಾರಗಳು ಪೇಟೆಗೆ ನುಗ್ಗಿದವು. ಭೂತಗನ್ನಡಿಯಲ್ಲಿ ನೋಡಿದರೆ ಹೊಸ ಅಚ್ಚಿನ ಅಕ್ಷರದ ಅಂಚು ಒಡೆದಿರುತ್ತದೆ, ನಿಮಿಷದ ಗೆರೆಗಳು ಅಂಕಿಗೆ ನೇರವಾಗಿ ಕೂರುವುದಿಲ್ಲ; ಮೂಲದಲ್ಲಿ ಎಂದೂ ಇರದ ಬಣ್ಣಗಳೂ ಕಾಣಸಿಗುತ್ತವೆ. ಯಂತ್ರ ಅಸಲಿ, ಮುಖ ನಕಲಿ. ಹಳೆಯ ಎಚ್‌ಎಂಟಿ ಟ್ರ್ಯಾಕ್ಟರಿನವರಿಗೆ ಈ ಸೂಕ್ಷ್ಮ ಬೇಕಿಲ್ಲ. ಅವರ ಆಯ್ಕೆ ಗುಜರಿಯ ಹಳೆಯ ಅಸಲಿ ಮತ್ತು ಹೊಸ ಜೆನೆರಿಕ್ ನಡುವೆ, ಮತ್ತು ಸವೆಯುವ ಭಾಗಕ್ಕೆ ಹೊಸ ಜೆನೆರಿಕ್ಕೇ ವಾಸಿ.

ಕಾನೂನು ಈ ವ್ಯವಹಾರದೊಳಗೆ ಬಂದದ್ದು ನಿಧಾನವಾಗಿ. 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆ 1955ರಿಂದ ಐಎಸ್‌ಐ ಮುದ್ರೆ ಕೊಡತೊಡಗಿತು. 1987ರಲ್ಲಿ ಅದು ಬಿಐಎಸ್ ಆಯಿತು. ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ ಐಎಸ್ 8034, ಅದರ ಮೋಟಾರಿಗೆ ಐಎಸ್ 9283, ಮೋಟಾರು ಪಂಪು ಒಂದಾಗಿರುವ ಮಾನೋಬ್ಲಾಕಿಗೆ ಐಎಸ್ 9079 ಎಂಬ ಮಾನಕಗಳಿವೆ. ನಿಜವಾದ ಮುದ್ರೆಯಲ್ಲಿ ಮೇಲ್ಗಡೆ ಈ ಮಾನಕದ ಅಂಕಿ, ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಲೇಬೇಕು. ಎರಡೂ ಇಲ್ಲದೆ ಬರಿಯ ಐಎಸ್‌ಐ ಅಕ್ಷರಗಳಿದ್ದರೆ ಅದು ಚಿತ್ರವೇ ಹೊರತು ಮುದ್ರೆಯಲ್ಲ. ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಯಾವ ತಯಾರಕ, ಯಾವ ಸರಕು ಎಂದು ತಿಳಿಯುತ್ತದೆ. ಆದರೆ ಈ ಮುದ್ರೆ ಇಡೀ ಪಂಪಿನದು. ಒಳಗಿನ ಬುಷ್ಷನ್ನೋ ಸುರುಳಿಯನ್ನೋ ಬದಲಿಸಿದ ದಿನದಿಂದ ಅದರ ಭರವಸೆ ಹೊರಗಿನ ಚಿಪ್ಪಿಗಷ್ಟೇ ಉಳಿಯುತ್ತದೆ.

ಹೆಸರು ಕದಿಯುವುದರ ವಿರುದ್ಧ 1958ರ ಕಾಯ್ದೆಯಿತ್ತು. ಅದರ ಜಾಗಕ್ಕೆ ಬಂದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ 2003ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸುಳ್ಳು ಟ್ರೇಡ್ ಮಾರ್ಕ್ ಹಚ್ಚಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಒಂದಕ್ಷರ ಬದಲಿಸಿ, ಬಣ್ಣ ಮಾತ್ರ ಅದೇ ಇಟ್ಟ ಡಬ್ಬಿಗಳು ಈ ಕಾಯ್ದೆಯ ಅಂಚಿನಲ್ಲೇ ಓಡಾಡುತ್ತವೆ. ಕಂಪನಿಗಳು ಹೊಳೆಯುವ ಹೊಲೊಗ್ರಾಂ ಅಂಟಿಸಿದವು, ನಕಲಿಯವರೂ ಅಂಟಿಸಿದರು. ಕೆರೆದು ನೋಡುವ ಸಂಕೇತ, ಕ್ಯೂಆರ್ ಕೋಡ್ ಬಂದವು. ಪೊಟ್ಟಣದ ಮೇಲೆ ತಯಾರಕರ ವಿಳಾಸ, ತಿಂಗಳು-ವರ್ಷ, ಗರಿಷ್ಠ ಬೆಲೆ, ದೂರು ಹೇಳುವ ಸಂಪರ್ಕ ಇರಬೇಕೆಂಬ 2011ರ ನಿಯಮಗಳು ಇವೆಲ್ಲಕ್ಕಿಂತ ಸರಳ. ವಿಳಾಸವೇ ಇಲ್ಲದ ಡಬ್ಬಿಯ ಮುಂದೆ ಹೊಲೊಗ್ರಾಂ ಪರೀಕ್ಷಿಸುತ್ತ ಕೂರುವ ಅಗತ್ಯವಿಲ್ಲ. ರಸೀದಿ ಕೇಳುವ ಅಭ್ಯಾಸ ಮಾತ್ರ ಇನ್ನೂ ಬೇರೂರಿಲ್ಲ. ಕಡಲೆಕಾಯಿ ಸುಗ್ಗಿಗೆ ಕೊಡುತ್ತೇನೆಂದು ಸಾಲ ಹೇಳಿ ಭಾಗ ಒಯ್ಯುವವನಿಗೆ ಬಿಲ್ಲು ಕೇಳುವ ಬಾಯಿ ಬರುವುದಿಲ್ಲ, ಬಿಲ್ಲಿಲ್ಲದೆ ಗ್ರಾಹಕ ಆಯೋಗದಲ್ಲಿ ವಾದ ನಿಲ್ಲುವುದು ಕಷ್ಟ.

ತಪ್ಪು ಒಂದೇ ಕಡೆಯದಲ್ಲ ಎಂದು ಹೇಳಿದ್ದು 2014ರ ಆಗಸ್ಟ್ 25ರಂದು ಬಂದ ಭಾರತೀಯ ಸ್ಪರ್ಧಾ ಆಯೋಗದ ಆದೇಶ. ಅಸಲಿ ಬಿಡಿಭಾಗಗಳನ್ನೂ ರಿಪೇರಿಗೆ ಬೇಕಾದ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಕೊಡದೆ ತಮ್ಮ ಡೀಲರುಗಳಲ್ಲೇ ಕಟ್ಟಿಹಾಕಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಲಾಯಿತು. ಕಂಪನಿಗಳು ಮೇಲ್ಮನವಿ ಹೋದವು. ಅಸಲಿ ಭಾಗ ಪೇಟೆಯಲ್ಲಿ ಸಿಗದಂತೆ ಮಾಡಿದರೆ ನಕಲಿಗೆ ಗಿರಾಕಿ ತಾನಾಗಿ ಸಿಗುತ್ತಾನೆ. ಅಧಿಕೃತ ಸರ್ವಿಸ್ ಕೇಂದ್ರಕ್ಕೆ ದೂರ ಹೋಗಬೇಕಾದ ಊರುಗಳಲ್ಲಿ ಈ ಮಾತು ಇನ್ನೂ ನಿಜ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳ ಜೊತೆಗೆ ಕೃಷಿ ಉಪಕರಣವೂ ಇತ್ತು.

ಈಚೆಗೆ ನೀರೆತ್ತುವ ಕೆಲಸಕ್ಕೆ ಬಿಸಿಲು ಸೇರಿಕೊಂಡಿದೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇರುವುದು ಗ್ರಿಡ್ಡಿಗಾದರೆ, 2019ರ ಪಿಎಂ-ಕುಸುಮ್ ಯೋಜನೆಯಿಂದ ಹೊಲದ ಬದಿಯ ಸೌರ ಪಂಪುಗಳೂ ಬರುತ್ತಿವೆ. ಸೌರ ಪಂಪಿನ ಕಂಟ್ರೋಲರ್ ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಹಳೇ ಪೀಸು ತೋರಿಸಿ ಹೊಸದು ಕೇಳುವ ಪದ್ಧತಿ ನಡೆಯುವುದಿಲ್ಲ. ಅದರ ತಂತ್ರಾಂಶ ತಯಾರಕನ ಕೈಯಲ್ಲಿದೆ, ತೂಕ ನೋಡಿ ಬೆಲೆ ಕಟ್ಟುವಂಥ ಲೋಹ ಅದರಲ್ಲಿಲ್ಲ. ಯೋಜನೆಯ ಪ್ರಕಾರ ಮೊದಲ 5 ವರ್ಷ ನಿರ್ವಹಣೆ ಸರಬರಾಜುದಾರರ ಹೊಣೆ. ಆ ಅವಧಿ ಮುಗಿದ ಪಂಪುಗಳ ಬೋರ್ಡುಗಳು ಈಗ ರಿವೈಂಡಿಂಗ್ ಅಂಗಡಿಗಳ ಮೇಜಿಗೆ ಬರುವ ಕಾಲ ಶುರುವಾಗಿದೆ.